ಹಳೆಯ ಮನೆಯ ತಂತಿವ್ಯವಸ್ಥೆ: ಮಿತವ್ಯಯ ಮತ್ತು ರಕ್ಷಣೆ

ಮನೆಗೆ ದೀಪವೇ ಶೋಭೆಯೆಂಬುದು ಕನ್ನಡನಾಡಿನ ಹಿರಿಯರ ನಂಬುಗೆ. ಎಣ್ಣೆಯ ಹಣತೆ, ಚಿಮಣಿ ಬುಡ್ಡಿ, ಕಂದೀಲುಗಳ ಕಾಲವು ಹಿಂದೆ ಸರಿದು ವಿದ್ಯುದ್ದೀಪದ ಕಾಲವು ಬಂದು ಶತಮಾನವೇ ಕಳೆದಿದೆ. ಶಿವನಸಮುದ್ರದ ಜಲಪಾತದಿಂದ ಪಡೆದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಆ ಬೆಳಕನ್ನು ಕಂಡವು. ಹಳ್ಳಿಗಳಿಗೆ ಅದು ತಲಪಲು ಮತ್ತೆ ಹಲವು ದಶಕಗಳು ಬೇಕಾದವು. ಹಾಗೆ ತಡವಾಗಿ ಬಂದ ವಿದ್ಯುತ್ತು ಎಷ್ಟೋ ಹಳೆಯ ಮನೆಗಳಲ್ಲಿ, ಅಂದು ಹಾಕಿದ ತಂತಿಗಳಲ್ಲಿಯೇ ಇಂದಿಗೂ ಹರಿಯುತ್ತಿದೆ. ಹಬ್ಬ ಬಂದರೆ ಗೋಡೆಗೆ ಸುಣ್ಣ ಬಳಿಯುವರು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕುವರು. ಜಂತೆಗೆ ಗೆದ್ದಲು ಹತ್ತಿತೇ ಎಂದು ನೋಡುವರು. ತಂತಿಯ ಕಡೆಗೆ ಮಾತ್ರ ದೃಷ್ಟಿಯು ಹೊರಳುವುದು ಅಪರೂಪ. ಅದು ದೀಪ ಉರಿಸುತ್ತಿರುವವರೆಗೆ ಸರಿಯಾಗಿದೆಯೆಂದೇ ಎಣಿಕೆ.

ಈ ಎಣಿಕೆಯು ತಪ್ಪು. ದೀಪವು ಉರಿಯುತ್ತಿರುವಾಗಲೇ ತಂತಿಯ ಹೊದಿಕೆಯು ಒಳಗೊಳಗೆ ಸುಟ್ಟಿರಬಹುದು. ಹಾಗೆಂದು ಮನೆಯ ತಂತಿಯನ್ನೆಲ್ಲ ಒಮ್ಮೆಲೇ ಬದಲಿಸುವುದೆಂದರೆ ಒಕ್ಕಲುತನ ಮಾಡುವವನಿಗೂ ಅಲ್ಪ ವೇತನದ ನೌಕರನಿಗೂ ಹಗುರವಾದ ಮಾತಲ್ಲ. ಎಲ್ಲವನ್ನೂ ಅನ್ಯರಿಂದ ಮಾಡಿಸಿದರೆ ಖರ್ಚು ಅಧಿಕ. ಎಲ್ಲವನ್ನೂ ತಾನೇ ಮಾಡಹೊರಟರೆ ಪ್ರಾಣಾಪಾಯ. ಇವೆರಡರ ನಡುವೆ ಒಂದು ಹಾದಿಯುಂಟು. ಶ್ರಮದಲ್ಲಿ ಉಳಿಸಬಹುದು, ಅಂದಚಂದದಲ್ಲಿ ಉಳಿಸಬಹುದು. ಪ್ರಾಣವನ್ನು ಕಾಯುವ ವಸ್ತುಗಳಲ್ಲಿ ಮಾತ್ರ ಉಳಿಸಲಾಗದು. ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂಬ ವಿವೇಕವೇ ಇಲ್ಲಿ ಮುಖ್ಯ.

ಹಳೆಯ ತಂತಿಗಳ ಸ್ವರೂಪ

ನಾಲ್ಕೈದು ದಶಕಗಳ ಹಿಂದಿನ ಮನೆಗಳಲ್ಲಿ ಸಾಮಾನ್ಯವಾಗಿ ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪುಗಳಿಂದ ಬಿಗಿದ ತಂತಿಗಳನ್ನು ಕಾಣಬಹುದು. ಅದಕ್ಕೂ ಹಿಂದಿನವುಗಳಲ್ಲಿ ತಂತಿಯ ಮೇಲೆ ರಬ್ಬರಿನ ಹೊದಿಕೆ, ಅದರ ಮೇಲೆ ನೂಲಿನ ಹೆಣಿಗೆ ಇರುತ್ತದೆ. ರಬ್ಬರು ವರ್ಷಗಳು ಕಳೆದಂತೆ ತನ್ನ ಮೃದುತ್ವವನ್ನು ಕಳೆದುಕೊಂಡು ಗಡುಸಾಗಿ, ಬಿರುಕು ಬಿಟ್ಟು, ಕೈ ತಾಕಿದರೆ ಪುಡಿಯಾಗುತ್ತದೆ. ತಾಮ್ರವು ದುರ್ಲಭವಾಗಿದ್ದ ಕಾಲದಲ್ಲಿ ಅಲ್ಯೂಮಿನಿಯಮ್ ತಂತಿಗಳನ್ನು ವಿಶೇಷವಾಗಿ ಬಳಸಿದರು. ಅಲ್ಯೂಮಿನಿಯಮ್ಮಿನ ದೋಷವು ಅದರ ಸಂದುಗಳಲ್ಲಿದೆ. ಬಿಸಿಯಾದಾಗ ಹಿಗ್ಗಿ, ಆರಿದಾಗ ಕುಗ್ಗಿ, ತಿರುಪಿನ ಕೆಳಗೆ ಅದು ಕ್ರಮೇಣ ಸಡಿಲಗೊಳ್ಳುತ್ತದೆ. ಅದರ ಮೇಲೆ ಹುಟ್ಟುವ ಆಕ್ಸೈಡಿನ ಪೊರೆಯು ಪ್ರವಾಹವನ್ನು ತಡೆಯುತ್ತದೆ. ಸಡಿಲವಾದ ಸಂದು ಕಾಯುತ್ತದೆ. ಕಾದ ಸಂದು ಮತ್ತಷ್ಟು ಸಡಿಲಗೊಳ್ಳುತ್ತದೆ. ಅದನ್ನು ತಾಮ್ರದೊಡನೆ ನೇರವಾಗಿ ಹೊಸೆದರಂತೂ ತೇವದ ದಿನಗಳಲ್ಲಿ ಎರಡು ಲೋಹಗಳ ನಡುವೆ ಕೊರೆತವು ಹುಟ್ಟಿ ಜೋಡಣೆಯು ಕೆಡುತ್ತದೆ.

ಇವಲ್ಲದೆ ಹಳೆಯ ಮನೆಗಳಲ್ಲಿ ಮತ್ತೆ ಕೆಲವು ನ್ಯೂನತೆಗಳು ಪದೇ ಪದೇ ಕಾಣಬರುತ್ತವೆ. ಮೂರನೆಯ ತಂತಿಯೇ ಇಲ್ಲದ ಎರಡು ಕಾಲಿನ ಪ್ಲಗ್ಗುಗಳು. ನ್ಯೂಟ್ರಲ್ ತಂತಿಗೂ ಹಾಕಿದ ಫ್ಯೂಸು. ಫೇಸ್ ತಂತಿಯ ಬದಲು ನ್ಯೂಟ್ರಲನ್ನು ತುಂಡರಿಸುವ ಸ್ವಿಚ್ಚು. ಪಿಂಗಾಣಿಯ ಫ್ಯೂಸಿನಲ್ಲಿ ತೆಳು ತಂತಿಗೆ ಬದಲಾಗಿ ಸುತ್ತಿದ ದಪ್ಪ ತಂತಿ. ನ್ಯೂಟ್ರಲಿನ ಫ್ಯೂಸು ಹೋದರೆ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ವಿದ್ಯುತ್ತು ಉಳಿದೇ ಇರುತ್ತದೆ. ಸ್ವಿಚ್ಚು ನ್ಯೂಟ್ರಲಿನಲ್ಲಿದ್ದರೂ ಫಲ ಅದೇ. ದೀಪ ಆರಿತೆಂದು ನಂಬಿ ಕೈಯಿಕ್ಕಿದವನಿಗೆ ಇಂಥ ಜೋಡಣೆಯು ಮೃತ್ಯುಪಾಶವಾಗಬಲ್ಲುದು.

ತಂತಿಯು ಕಾಯುವುದೇಕೆ?

ಪ್ರತಿ ತಂತಿಯೂ ಪ್ರವಾಹಕ್ಕೆ ಅಷ್ಟಿಷ್ಟು ರೋಧವನ್ನು ಒಡ್ಡುತ್ತದೆ; ಆ ರೋಧದಿಂದ ಶಾಖ ಹುಟ್ಟುತ್ತದೆ. ಈ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತವಾಗಿ ಬೆಳೆಯುತ್ತದೆ. ಎಂದರೆ ಪ್ರವಾಹವು ಎರಡರಷ್ಟಾದರೆ ಶಾಖವು ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ನಾಲ್ಕೈದು ಬಲ್ಬುಗಳೂ ಒಂದು ರೇಡಿಯೋವೂ ಇದ್ದ ಅಂದಿನ ಮನೆಯು ಸುಮಾರು 300 ವಾಟ್ ಬಳಸುತ್ತಿತ್ತೆಂದು ಇಟ್ಟುಕೊಂಡರೆ, 230 ವೋಲ್ಟಿನಲ್ಲಿ ಅದರ ಪ್ರವಾಹವು 1.3 ಆಂಪಿಯರ್. ಇಂದು ಅದೇ ತಂತಿಗೆ 2000 ವಾಟಿನ ನೀರು ಕಾಯಿಸುವ ಹೀಟರನ್ನು ಹಚ್ಚಿದರೆ ಪ್ರವಾಹವು 8.7 ಆಂಪಿಯರ್ ಆಗುತ್ತದೆ. ಪ್ರವಾಹವು ಏಳರಷ್ಟೂ ಆಗಲಿಲ್ಲ. ಆದರೆ ತಂತಿಯಲ್ಲಿ ಹುಟ್ಟುವ ಶಾಖವು ಸುಮಾರು 45 ಪಟ್ಟು. ದೀಪಕ್ಕೆಂದು ಅಂದು ಹಾಕುತ್ತಿದ್ದ, ಕೆಲಸಗಾರರು ‘ಒಂದು ಬೈ ಹದಿನೆಂಟು’ ಎಂದು ಕರೆಯುತ್ತಿದ್ದ ಒಂಟಿ ಎಳೆಯ ತಂತಿಯ ವ್ಯಾಸವು ಸುಮಾರು 1.2 ಮಿಲಿಮೀಟರ್ ಮಾತ್ರ. ಒಣಗಿದ ರಬ್ಬರಿನ ಹೊದಿಕೆಯ ಆ ತಂತಿಯು ಒಣಗಿದ ಮರದ ಪಟ್ಟಿಯ ಮೇಲೆ, ಮರದ ತೊಲೆಯ ಮಗ್ಗುಲಲ್ಲಿ ಹಾಯುತ್ತದೆಂಬುದನ್ನು ನೆನೆದರೆ ಅಪಾಯವು ಸ್ವಯಂವೇದ್ಯ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ಎಷ್ಟೋ ಮನೆಗಳ ಬಿಲ್ಲಿನ ಭಾರವನ್ನು ಇಳಿಸಿತು. ತಂತಿಯ ಭಾರವನ್ನು ಯಾವ ಯೋಜನೆಯೂ ಇಳಿಸಲಾರದು.

ಯಾರ ಕೆಲಸ ಯಾರಿಗೆ?

‘ನನ್ನ ಮನೆ, ನನ್ನ ತಂತಿ, ನಾನೇ ಎಳೆದರೇನು?’ ಎಂದು ಕೇಳುವವರುಂಟು. 1956ರ ಭಾರತೀಯ ವಿದ್ಯುತ್ ನಿಯಮಗಳಿಂದ ಮೊದಲುಗೊಂಡು, ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿಯೂ ತರುವಾಯ 2023ರಲ್ಲಿಯೂ ಹೊರಡಿಸಿದ ಸುರಕ್ಷತಾ ನಿಬಂಧನೆಗಳವರೆಗೆ ಒಂದು ತತ್ತ್ವವು ಉಳಿದುಬಂದಿದೆ. ಕೆಟ್ಟ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ತೆಗೆದು ಅಂಥವನ್ನೇ ಹಾಕಲು ಗೃಹಸ್ಥನಿಗೆ ಅಡ್ಡಿಯಿಲ್ಲ. ಹೊಸ ತಂತಿಯನ್ನು ಎಳೆಯುವುದು, ಇದ್ದುದನ್ನು ಮಾರ್ಪಡಿಸುವುದು, ಹೆಚ್ಚಿಸುವುದು ಮಾತ್ರ ಪರವಾನಿಗೆ ಪಡೆದ ಗುತ್ತಿಗೆದಾರನ ಹೊಣೆಯಲ್ಲಿಯೇ ನಡೆಯಬೇಕು. ಕರ್ನಾಟಕದಲ್ಲಿ ಈ ಪರವಾನಿಗೆಯನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾ ಇಲಾಖೆ. ಇದು ಬರಿಯ ಕಟ್ಟಳೆಯಲ್ಲ. ತಂತಿಯಲ್ಲಿ ಮಾಡಿದ ತಪ್ಪು ಮಾಡಿದಂದೇ ತೋರುವುದಿಲ್ಲ. ವರ್ಷಗಳು ಕಳೆದ ಮೇಲೆ, ತಪ್ಪನ್ನರಿಯದ ಮಗುವಿನ ಕೈಗೆ ಅದು ತೋರಬಹುದು.

ಆದರೂ ಗೃಹಸ್ಥನು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ವೆಚ್ಚದಲ್ಲಿ ಗಣನೀಯ ಭಾಗವು ಕೂಲಿಯದು. ಆ ಕೂಲಿಯಲ್ಲಿ ಬಹುಪಾಲು ವಿದ್ಯುತ್ತಿಗೆ ಸಂಬಂಧಿಸಿದುದೇ ಅಲ್ಲ. ಹಳೆಯ ಪಟ್ಟಿಗಳನ್ನು ಕೀಳುವುದು, ಗೋಡೆಯಲ್ಲಿ ತೂತು ಕೊರೆಯುವುದು, ಮರದ ಬೆಣೆಗಳನ್ನು ಬಡಿಯುವುದು, ತಂತಿ ಹಾಯುವ ಪಿ.ವಿ.ಸಿ. ಪಟ್ಟಿಗಳನ್ನು ಅಳತೆಗೆ ಕತ್ತರಿಸಿ ಕೂರಿಸುವುದು, ಭೂಸಂಪರ್ಕದ ಗುಂಡಿಯನ್ನು ತೋಡುವುದು, ಕಡೆಗೆ ಗಾರೆ ಮೆತ್ತಿ ಸುಣ್ಣ ಬಳಿಯುವುದು - ಇವೆಲ್ಲ ಮನೆಯವರೇ ಮಾಡಬಹುದಾದ ಕೆಲಸಗಳು. ಪರವಾನಿಗೆಯುಳ್ಳವನೊಡನೆ ಮೊದಲೇ ಮಾತಾಡಿ, ಇಂತಿಂಥದು ನಮ್ಮದು, ಇಂತಿಂಥದು ನಿಮ್ಮದು ಎಂದು ಹಂಚಿಕೊಳ್ಳಬೇಕು. ತಂತಿಯ ಜೋಡಣೆ, ಫಲಕದ ರಚನೆ, ಪರೀಕ್ಷೆ, ಪ್ರಮಾಣಪತ್ರ ಇವು ಅವನವು. ಮೀಟರಿನ ಮುದ್ರೆಯನ್ನೂ ಅದರ ಹಿಂದಿನ ಕಂಬದ ತಂತಿಯನ್ನೂ ಇಬ್ಬರೂ ಮುಟ್ಟಲಾಗದು. ಅದು ವಿತರಣಾ ಕಂಪನಿಯ ಸ್ವತ್ತು.

ಮನೆಯವರು ಪಟ್ಟಿ ಕೀಳುವ ಮುನ್ನ ಮೇನ್ ಸ್ವಿಚ್ಚನ್ನು ಆರಿಸಿ, ಫ್ಯೂಸುಗಳನ್ನು ಕಳಚಿ ತಮ್ಮ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಬೇರೊಬ್ಬರು ಅರಿಯದೆ ಹಾಕಿಬಿಡುವ ಭಯವು ಆಗ ಇರದು. ಟೆಸ್ಟರನ್ನು ಮೊದಲು ವಿದ್ಯುತ್ತಿರುವ ಕಡೆ ಹಚ್ಚಿ ಅದು ಉರಿಯುವುದನ್ನು ಕಂಡ ಮೇಲೆಯೇ, ಆರಿಸಿದ ತಂತಿಯ ಮೇಲೆ ಅದರ ಸಾಕ್ಷ್ಯವನ್ನು ನಂಬತಕ್ಕದ್ದು. ಕೆಟ್ಟ ಟೆಸ್ಟರು ಎಲ್ಲ ತಂತಿಯನ್ನೂ ನಿರ್ಜೀವವೆಂದೇ ಹೇಳುತ್ತದೆ.

ಪಟ್ಟಿಯೂ ನಕ್ಷೆಯೂ

ಅಂಗಡಿಗೆ ಹೋಗುವ ಮೊದಲು ಎರಡು ಹಾಳೆಗಳು ಸಿದ್ಧವಾಗಬೇಕು. ಒಂದರಲ್ಲಿ ಮನೆಯ ನಕ್ಷೆ: ಪಡಸಾಲೆ, ಅಡುಗೆಮನೆ, ದೇವರ ಜಗುಲಿ, ಬಚ್ಚಲು, ಕೊಟ್ಟಿಗೆ, ಎಲ್ಲೆಲ್ಲಿ ಏನು ಬೇಕೆಂಬುದು. ಮತ್ತೊಂದರಲ್ಲಿ ಭಾರದ ಪಟ್ಟಿ. ಉದಾಹರಣೆಗೆ 9 ವಾಟಿನ ಎಂಟು ಎಲ್.ಇ.ಡಿ. ದೀಪಗಳು 72 ವಾಟ್, 75 ವಾಟಿನ ನಾಲ್ಕು ಫ್ಯಾನುಗಳು 300, ದೂರದರ್ಶನ 100, ಫ್ರಿಜ್ಜು 200, ಮಿಕ್ಸರು 750, ಇಸ್ತ್ರಿಪೆಟ್ಟಿಗೆ 1000, ನೀರಿನ ಹೀಟರು 2000. ಒಟ್ಟು 4422 ವಾಟ್. ಎಲ್ಲವೂ ಏಕಕಾಲಕ್ಕೆ ನಡೆದರೆ ಸುಮಾರು 19 ಆಂಪಿಯರ್. ಬಿಲ್ಲಿನಲ್ಲಿ ಕಾಣಿಸಿರುವ ಮಂಜೂರಾದ ಭಾರವು ಇದಕ್ಕೆ ಸಾಲದಿದ್ದರೆ ವಿತರಣಾ ಕಂಪನಿಗೆ ಮೊದಲೇ ಅರ್ಜಿ ಕೊಡಬೇಕು.

ಈ ಭಾರವನ್ನೆಲ್ಲ ಒಂದೇ ತಂತಿಗೆ ಹೊರಿಸದೆ ಹಲವು ಮಂಡಲಗಳಾಗಿ ಹಂಚುವುದೇ ಹೊಸ ವ್ಯವಸ್ಥೆಯ ತಿರುಳು. ಮುಖ್ಯ ಫಲಕದಿಂದ ಹೊರಟು, ತನ್ನದೇ ಫೇಸ್ ಮತ್ತು ನ್ಯೂಟ್ರಲ್ ತಂತಿಗಳೊಡನೆ ಮನೆಯ ಒಂದು ಭಾಗವನ್ನು ಸಾಕುವ ಕವಲೇ ಮಂಡಲ. ದೀಪ, ಫ್ಯಾನುಗಳ ಒಂದು ಮಂಡಲದಲ್ಲಿ 10 ಬಿಂದುಗಳು ಅಥವಾ 800 ವಾಟ್ ಎಂಬುದು ರೂಢಿಯ ಮಿತಿ. ಅದಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು. ಅದನ್ನು ಕಾಯಲು 6 ಅಥವಾ 10 ಆಂಪಿಯರಿನ ಎಂ.ಸಿ.ಬಿ. ಅಡುಗೆಮನೆಯ ಪ್ಲಗ್ಗುಗಳಿಗೆ 2.5 ಚದರ ಮಿಲಿಮೀಟರಿನ ತಂತಿ, 16 ಆಂಪಿಯರಿನ ಎಂ.ಸಿ.ಬಿ. ನೀರಿನ ಹೀಟರಿಗೆ 4 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ. ತಂತಿಗಿಂತ ದೊಡ್ಡ ಎಂ.ಸಿ.ಬಿ. ಹಾಕುವುದೆಂದರೆ ಕಾವಲುಗಾರನನ್ನು ಮಲಗಿಸಿದಂತೆ.

ಎಲ್ಲಿ ಉಳಿಸಬಹುದು?

ಗೋಡೆಯೊಳಗೆ ತಂತಿಯನ್ನು ಹುದುಗಿಸುವುದು ನೋಟಕ್ಕೆ ಚೆಲುವು, ಆದರೆ ದುಬಾರಿ. ಮಣ್ಣಿನ ಗೋಡೆಯಲ್ಲಿ ಉದ್ದಕ್ಕೂ ಕಾಲುವೆ ಕೊರೆದರೆ ಗೋಡೆಯೇ ದುರ್ಬಲವಾಗುತ್ತದೆ, ಮಾಳಿಗೆ ಸೋರಿದರೆ ನೀರು ಅಲ್ಲಿಯೇ ಇಳಿಯುತ್ತದೆ. ಗೋಡೆಯ ಮೇಲೆಯೇ ಹಾಯುವ ಪಿ.ವಿ.ಸಿ. ಪಟ್ಟಿಯು ಅಗ್ಗ, ಕೆಟ್ಟಾಗ ಮುಚ್ಚಳ ತೆರೆದು ನೋಡಲು ಸುಲಭ, ಗೆದ್ದಲಿಗೆ ಆಹಾರವಲ್ಲ. ಹಳೆಯ ಮನೆಗೆ ಇದೇ ಒಪ್ಪುವ ವಿಧಾನ.

ಫಲಕಗಳ ಸಂಖ್ಯೆಯಲ್ಲಿಯೂ ಉಳಿತಾಯವುಂಟು. ಎರಡು ಕೋಣೆಗಳ ನಡುವಣ ಗೋಡೆಗೆ ಎರಡೂ ಮಗ್ಗುಲಲ್ಲಿ ಸ್ವಿಚ್ಚುಫಲಕಗಳನ್ನು ಬೆನ್ನಿಗೆ ಬೆನ್ನು ಕೂರಿಸಿದರೆ ತಂತಿಯ ಉದ್ದವು ಕಡಿಮೆಯಾಗುತ್ತದೆ. ದುಬಾರಿ ಬೆಲೆಯ ಅಲಂಕಾರದ ಸ್ವಿಚ್ಚುಗಳಿಗೆ ಬದಲಾಗಿ ಐ.ಎಸ್.ಐ. ಗುರುತಿನ ಸಾಧಾರಣ ಸ್ವಿಚ್ಚುಗಳು ಸಾಕು. ತಂತಿಯನ್ನು ಬಿಡಿಯಾಗಿ ಕೊಳ್ಳುವುದಕ್ಕಿಂತ 90 ಮೀಟರಿನ ಪೂರ್ತಿ ಸುರುಳಿಯನ್ನು ಕೊಂಡು, ಉಳಿದುದನ್ನು ಅಣ್ಣತಮ್ಮಂದಿರೋ ನೆರೆಯವರೋ ಹಂಚಿಕೊಳ್ಳುವುದು ಲೇಸು. ಕಿತ್ತ ಹಳೆಯ ತಾಮ್ರಕ್ಕೆ ಗುಜರಿಯಲ್ಲಿ ತೂಕದ ಬೆಲೆ ಬರುತ್ತದೆ. ಅದರ ಹೊದಿಕೆಯನ್ನು ಅಂಗಳದಲ್ಲಿ ಸುಟ್ಟು ತಾಮ್ರವನ್ನು ಬಿಡಿಸುವ ಚಾಳಿ ಮಾತ್ರ ಬೇಡ. ಆ ಹೊಗೆಯು ವಿಷಕಾರಿ. ಹಳೆಯ 60 ವಾಟಿನ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು 9 ವಾಟಿನ ಎಲ್.ಇ.ಡಿ. ದೀಪವು ಕೊಡುವುದರಿಂದ ದೀಪದ ಮಂಡಲಗಳ ಭಾರವೂ ತಗ್ಗುತ್ತದೆ.

ಎಲ್ಲಿ ಉಳಿಸಬಾರದು?

ಮೂರು ವಸ್ತುಗಳಲ್ಲಿ ಜಿಪುಣತನವು ಸಲ್ಲದು. ಮೊದಲನೆಯದು ತಂತಿ. ಹೊದಿಕೆಯ ಒಳಗಿನ ತಾಮ್ರವು ಕಣ್ಣಿಗೆ ಕಾಣುವುದಿಲ್ಲವಾಗಿ ಅಲ್ಲಿಯೇ ಮೋಸಕ್ಕೆ ಅವಕಾಶ ಹೆಚ್ಚು. ಐ.ಎಸ್.ಐ. ಗುರುತನ್ನೂ ಐ.ಎಸ್. 694 ಎಂಬ ಮುದ್ರಣವನ್ನೂ ನೋಡಿ, ರಸೀದಿ ಪಡೆದು ಕೊಳ್ಳಬೇಕು. ಬಣ್ಣದಲ್ಲಿಯೂ ರಾಜಿ ಬೇಡ: ಫೇಸಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು, ಭೂಸಂಪರ್ಕಕ್ಕೆ ಹಸಿರು. ಒಂದೇ ಬಣ್ಣದ ಸುರುಳಿಯಿಂದ ಎಲ್ಲವನ್ನೂ ಎಳೆದರೆ ಇಂದು ಸ್ವಲ್ಪ ಹಣ ಉಳಿದೀತು. ಮುಂದೆ ದುರಸ್ತಿಗೆ ಬಂದವನ ಜೀವ ಹೋದೀತು.

ಎರಡನೆಯದು ಭೂಸಂಪರ್ಕ. ಇಸ್ತ್ರಿಪೆಟ್ಟಿಗೆಯ ಒಳಗಿನ ತಂತಿಯು ಸವೆದು ಲೋಹದ ಮೈಗೆ ತಾಕಿದಾಗ, ಆ ವಿದ್ಯುತ್ತು ಮುಟ್ಟಿದವರ ಮೈಯಲ್ಲಿ ಹಾಯದೆ ನೆಲಕ್ಕೆ ಇಳಿಯಲು ಮಾಡಿಕೊಟ್ಟ ಸುಗಮ ದಾರಿಯೇ ಹಸಿರು ತಂತಿ. ಇದಕ್ಕಾಗಿ ಗೋಡೆಯಿಂದ ಕನಿಷ್ಠ 1.5 ಮೀಟರ್ ದೂರದಲ್ಲಿ, 2.5 ಮೀಟರ್ ಉದ್ದದ ಸತುವು ಲೇಪಿಸಿದ ಕಬ್ಬಿಣದ ಕೊಳವೆಯನ್ನು ನೇರವಾಗಿ ಹೂಳುವರು. ಸುತ್ತಲೂ ಇದ್ದಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬುವ ಪದ್ಧತಿಯುಂಟು. ಬೇಸಗೆಯಲ್ಲಿ ನೆಲ ಬಿರಿಯುವ ಎರೆಯ ಸೀಮೆಯಲ್ಲಿ ಆಗಾಗ ಅದಕ್ಕೆ ನೀರೆರೆಯಬೇಕು. ದನ ಕಟ್ಟುವ ಜಾಗದಲ್ಲಿಯೂ ಮಕ್ಕಳು ಆಡುವಲ್ಲಿಯೂ ಈ ಗುಂಡಿಯು ಸಲ್ಲದು. ನಲ್ಲಿಯ ಕೊಳವೆಗೆ ತಂತಿ ಸುತ್ತಿ ಭೂಸಂಪರ್ಕವಾಯಿತೆನ್ನುವ ಹಳೆಯ ಉಪಾಯವು ಅಂದೂ ಸರಿಯಾಗಿರಲಿಲ್ಲ. ಪ್ಲಾಸ್ಟಿಕ್ ಕೊಳವೆಗಳ ಈ ದಿನಗಳಲ್ಲಿ ಅದು ವ್ಯರ್ಥ. ನ್ಯೂಟ್ರಲನ್ನೇ ಪ್ಲಗ್ಗಿನ ಮೂರನೆಯ ಕಾಲಿಗೆ ಕೂಡಿಸುವುದಂತೂ ಘಾತಕ.

ಮೂರನೆಯದು ಆರ್.ಸಿ.ಸಿ.ಬಿ. ಎಂಬ ಸೋರಿಕೆ ತಡೆಯುವ ಸಾಧನ. ಫ್ಯೂಸು, ಎಂ.ಸಿ.ಬಿ.ಗಳಿದ್ದ ಮೇಲೆ ಇದೇಕೆಂದು ಹಲವರ ಪ್ರಶ್ನೆ. ಅವು ಕಾಯುವುದು ತಂತಿಯನ್ನು. ಇದು ಕಾಯುವುದು ಮನುಷ್ಯನನ್ನು. ಒಂದು ಆಂಪಿಯರಿನ ಸಾವಿರದಲ್ಲೊಂದು ಭಾಗವೇ ಮಿಲಿಆಂಪಿಯರ್. ಎದೆಯ ಮೂಲಕ ಕೆಲವೇ ಹತ್ತು ಮಿಲಿಆಂಪಿಯರ್ ಹರಿದರೂ ಪ್ರಾಣಕ್ಕೆ ಅಪಾಯ. 5 ಆಂಪಿಯರಿನ ಫ್ಯೂಸು ಕರಗಬೇಕಾದರೆ 5000 ಮಿಲಿಆಂಪಿಯರಿಗೂ ಮಿಗಿಲಾದ ಪ್ರವಾಹ ಬೇಕು. ಮನುಷ್ಯನು ಸತ್ತರೂ ಆ ಫ್ಯೂಸಿಗೆ ಸುಳಿವು ಹತ್ತದು. ಆರ್.ಸಿ.ಸಿ.ಬಿ.ಯಾದರೋ ಹೋದ ಪ್ರವಾಹವನ್ನೂ ಮರಳಿ ಬಂದ ಪ್ರವಾಹವನ್ನೂ ಸದಾ ತೂಗುತ್ತಿರುತ್ತದೆ. ಮನೆಗೆ ಹಾಕುವ ಸಾಧನದಲ್ಲಿ ಈ ಎರಡರ ಅಂತರವು 30 ಮಿಲಿಆಂಪಿಯರ್ ಮುಟ್ಟುವುದರೊಳಗಾಗಿ, ಎಲ್ಲಿಯೋ ಸೋರಿಕೆಯಾಗುತ್ತಿದೆಯೆಂದು ಅರಿತು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ.

ಭೂಸಂಪರ್ಕಕ್ಕೂ ಇದು ಬೆಂಬಲ. ನೆಲವು ಒಣಗಿ ಭೂಸಂಪರ್ಕದ ರೋಧವು 100 ಓಮ್ ಆಯಿತೆನ್ನೋಣ. ಆಗ 230 ವೋಲ್ಟಿನಲ್ಲಿ ನೆಲಕ್ಕೆ ಇಳಿಯುವುದು 2.3 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂ.ಸಿ.ಬಿ. ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು, ಆರ್.ಸಿ.ಸಿ.ಬಿ. ಕೂಡಲೇ ಕಡಿಯುತ್ತದೆ. ಆದರೆ ಅಧಿಕ ಭಾರದಿಂದ ತಂತಿಯನ್ನು ಕಾಯುವ ಶಕ್ತಿ ಇದಕ್ಕಿಲ್ಲ. ಒಂದು ಕೈಯಿಂದ ಫೇಸನ್ನೂ ಮತ್ತೊಂದರಿಂದ ನ್ಯೂಟ್ರಲನ್ನೂ ಹಿಡಿದವನನ್ನು ಇದು ಉಳಿಸಲಾರದು. ಆದುದರಿಂದ ಎರಡು ಸಾಧನಗಳೂ ಬೇಕು, ಎಚ್ಚರವೂ ಬೇಕು. ಇದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಮನೆಯವರ ಕರ್ತವ್ಯ.

ಹಣವು ಒಮ್ಮೆಲೇ ಒದಗದಿದ್ದರೆ

ಎಲ್ಲವನ್ನೂ ಒಂದೇ ಸುಗ್ಗಿಯಲ್ಲಿ ಮಾಡಲಾಗದವನು ಕ್ರಮವನ್ನು ತಪ್ಪಿಸದೆ ಹಂತಹಂತವಾಗಿ ಮಾಡಬಹುದು. ಮೊದಲ ಹಂತದಲ್ಲಿ ಭೂಸಂಪರ್ಕ, ಮುಖ್ಯ ಫಲಕ, ಆರ್.ಸಿ.ಸಿ.ಬಿ. ಹಳೆಯ ತಂತಿಗೆ ಈ ಸಾಧನವನ್ನು ಜೋಡಿಸಿದಾಗ ಅದು ಪದೇ ಪದೇ ಕಡಿಯಬಹುದು. ಸಾಧನವೇ ಕೆಟ್ಟದೆಂದು ಬಗೆದು ಅದನ್ನು ಕಿತ್ತೊಗೆಯುವವರುಂಟು. ಅದು ಹೇಳುತ್ತಿರುವುದು ಬೇರೆಯೇ ಮಾತು: ಮನೆಯ ತಂತಿಯು ಎಲ್ಲಿಯೋ ಸೋರುತ್ತಿದೆ, ಇಲ್ಲವೆ ನ್ಯೂಟ್ರಲುಗಳು ಒಂದರೊಡನೊಂದು ಬೆರೆತಿವೆ. ಆ ದೋಷವನ್ನು ಹುಡುಕಿಸಬೇಕೇ ಹೊರತು ದೋಷವನ್ನು ತೋರಿಸಿದುದನ್ನು ತೆಗೆಯಲಾಗದು. ಎರಡನೆಯ ಹಂತದಲ್ಲಿ ನೀರಿನ ಸಂಪರ್ಕವಿರುವ ಬಚ್ಚಲು ಮತ್ತು ಅಡುಗೆಮನೆ. ಬಚ್ಚಲಿನ ಸ್ವಿಚ್ಚು ಬಾಗಿಲ ಹೊರಗೇ ಇರತಕ್ಕದ್ದು. ಮೂರನೆಯದರಲ್ಲಿ ಮಿಕ್ಕ ಕೋಣೆಗಳ ದೀಪ, ಫ್ಯಾನುಗಳು. ಹಂತಗಳ ನಡುವೆ ಹಳೆಯ ತಂತಿಯ ಮೇಲೆ ಹೀಟರನ್ನಾಗಲಿ ಇಸ್ತ್ರಿಪೆಟ್ಟಿಗೆಯನ್ನಾಗಲಿ ಹಚ್ಚಕೂಡದು.

ಖರ್ಚೇ ಇಲ್ಲದೆ ಇಂದೇ ಮಾಡಬಹುದಾದ ಕೆಲಸಗಳೂ ಇವೆ. ಅಂಗಳದಲ್ಲಿ ಬಟ್ಟೆ ಒಣಹಾಕಲು ಕಟ್ಟಿದ ಲೋಹದ ತಂತಿಯು ಸರ್ವಿಸ್ ತಂತಿಯ ಸಮೀಪದಲ್ಲಿಯೋ ಅದರ ಕಂಬಿಗೆ ಬಿಗಿದೋ ಇರುವುದು ಹಳ್ಳಿಗಳಲ್ಲಿ ಸಾಮಾನ್ಯ. ಒದ್ದೆ ಬಟ್ಟೆಯನ್ನು ಹರವಲು ಹೋದ ತಾಯಂದಿರು ಇದರಿಂದ ಜೀವ ತೆತ್ತಿದ್ದಾರೆ. ಬಿಡಿಸಲು ಹೋದವರೂ ಜೊತೆಗೆ ಬಲಿಯಾದುದುಂಟು. ಆ ತಂತಿಯನ್ನು ತೆಗೆದು ದೂರದಲ್ಲಿ ಹಗ್ಗ ಕಟ್ಟಿದರೆ ಸಾಕು. ಬಕೆಟ್ಟಿನಲ್ಲಿಳಿಬಿಡುವ ನೀರು ಕಾಯಿಸುವ ಸರಳನ್ನು, ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ ಮೇಲೆಯೇ ನೀರಿಗೆ ಕೈಯಿಡುವ ನಿಯಮವನ್ನು ಮನೆಮಂದಿಯೆಲ್ಲ ಪಾಲಿಸಬೇಕು.

ಕಡೆಯ ಪರೀಕ್ಷೆ

ಕೆಲಸ ಮುಗಿದೊಡನೆ ದೀಪ ಹಚ್ಚಿ ಸಂತೋಷಪಡುವುದಲ್ಲ. ಗುತ್ತಿಗೆದಾರನು ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟಿನಲ್ಲಿ ತಂತಿಗಳ ಹೊದಿಕೆಯನ್ನು ಪರೀಕ್ಷಿಸಬೇಕು. ನಿರೋಧವು ಒಂದು ಮೆಗಾಓಮ್‌ಗಿಂತ ಕಡಿಮೆಯಿರಬಾರದು. ಪ್ರತಿ ಸ್ವಿಚ್ಚೂ ಫೇಸಿನಲ್ಲಿಯೇ ಇದೆಯೇ, ಪ್ರತಿ ಪ್ಲಗ್ಗಿನ ಮೂರನೆಯ ಕಾಲಿನಿಂದ ಭೂಸಂಪರ್ಕದ ಕೊಳವೆಯವರೆಗೆ ಹಸಿರು ತಂತಿಯು ಅಖಂಡವಾಗಿದೆಯೇ ಎಂಬುದನ್ನು ಮನೆಯವರ ಎದುರಿನಲ್ಲಿಯೇ ತೋರಿಸಬೇಕು. ಬಳಿಕ ಪ್ರಮಾಣಪತ್ರವನ್ನು ಪಡೆದು, ನಕ್ಷೆಯೊಡನೆ ಮನೆಯ ಪತ್ರಗಳ ಜೊತೆಯಲ್ಲಿ ಇಡಬೇಕು. ಹೊಲದ ಪಹಣಿಯನ್ನು ಜೋಪಾನ ಮಾಡುವ ಮನೆಯು ಇದನ್ನೂ ಹಾಗೆಯೇ ಜೋಪಾನ ಮಾಡತಕ್ಕದ್ದು.

ಶರಣರು ಕಾಯಕಕ್ಕೆ ಕೊಟ್ಟ ಹಿರಿಮೆಯನ್ನು ಬಲ್ಲ ನಾಡಿನಲ್ಲಿ ಗುಂಡಿ ತೋಡುವುದೂ ಗೋಡೆ ಕೊರೆಯುವುದೂ ಹೀನವೆನಿಸಬೇಕಾಗಿಲ್ಲ. ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಯು ತಂದೆಯ ಮಗ್ಗುಲಲ್ಲಿ ನಿಂತು ಆ ಕೆಲಸಕ್ಕೆ ಹೆಗಲು ಕೊಡಬಹುದು. ಮನೆಯ ಭಾರದ ಪಟ್ಟಿಯನ್ನು ಬರೆದು, ವಾಟನ್ನು ವೋಲ್ಟಿನಿಂದ ಭಾಗಿಸಿ ಪ್ರವಾಹವನ್ನು ಕಂಡುಹಿಡಿದು, ತರಗತಿಯಲ್ಲಿ ಕಲಿತ ಲೆಕ್ಕಕ್ಕೆ ಅರ್ಥವನ್ನು ತರಬಹುದು. ಕೈಯಿಂದ ಆಗುವುದನ್ನು ಕೈಯಿಂದ ಮಾಡಿ, ಬಲ್ಲವರಿಂದ ಆಗಬೇಕಾದುದನ್ನು ಬಲ್ಲವರಿಗೆ ಒಪ್ಪಿಸಿ, ಹೀಗೆ ಉಳಿದ ಹಣವನ್ನು ತಂತಿಗೂ ಭೂಸಂಪರ್ಕಕ್ಕೂ ಆರ್.ಸಿ.ಸಿ.ಬಿ.ಗೂ ವ್ಯಯಿಸಿದ ಮನೆಯು ಬಡವರದಾದರೂ ಕ್ಷೇಮದ ಮನೆಯೇ ಸರಿ.